ಆರೆಲೆಯ ಗಿಡದ ಹೆಸರು ಕೇಳಿದ್ದು

ದೊಡ್ಡಮ್ಮ ಆಪರೇಷನ್ನಿಗೆ ಆಸ್ಪತ್ರೆ ಸೇರುವಾಗ, ದಪ್ಪದಪ್ಪ ಆರೇ ಎಲೆಗಳಿದ್ದ ತನ್ನ ಪ್ರೀತಿಯ ಗಿಡವನ್ನು ತಂಗಿಯ ಮಗಳಿಗೆ ಒಪ್ಪಿಸಿದ್ದಳು. ಕುಂಡದ ಮೇಲೆ ಚೀಟಿಯಿಲ್ಲ, ಆಸ್ಪತ್ರೆಯಲ್ಲಿ ಮಲಗಿದ ದೊಡ್ಡಮ್ಮನನ್ನು ಕೇಳುವಂತೆಯೂ ಇಲ್ಲ. ಹೆಸರೇ ತಿಳಿಯದೆ ನೀರೆಷ್ಟು ಹಾಕುವುದು? ಬುಡ ಆಗಲೇ ಮೆತ್ತಗಾಗುತ್ತಿತ್ತು. ಅಜ್ಜಿಯ ಕಥೆಗಳಲ್ಲಾದರೆ ಕೇಳಿದ ಕೂಡಲೇ ಗಿಡವೇ ಮಾತಾಡುತ್ತಿತ್ತು, ಇದು ತುಟಿಪಿಟ್ಟೆನ್ನಲಿಲ್ಲ. ಹುಡುಗಿ ಕುಂಡ ಹೊತ್ತು ಬೀದಿಗಿಳಿದಳು.

ಔಷಧಿ ಅಂಗಡಿಯವರು ಒಂದೆಲೆ ಮುರಿದು, “ಹಾಲು ಬರ್ಲಿಲ್ಲ, ಕಳ್ಳಿ ಅಲ್ಲ ಬಿಡಮ್ಮ” ಎಂದರು. ಸಸ್ಯಶಾಸ್ತ್ರದ ಮೇಷ್ಟ್ರು ಮೂರು ಕಿತ್ತು ಭೂತಗನ್ನಡಿ ಹಿಡಿದು ನೋಡಿ, ಪುಸ್ತಕದೊಳಗಿಟ್ಟುಕೊಂಡು, “ಹೂ ಬಿಟ್ಟಾಗ ತಗೊಂಡ್ಬಾ” ಎಂದರು. ಪಕ್ಕದ ಮನೆಯ ಮುದುಕಿ ಒಂದನ್ನು ಕಚ್ಚಿ, “ಥೂ, ಹುಳಿ!” ಎಂದು ಉಗಿದಳು. ಹುಡುಗಿ ಕುಂಡವನ್ನು ತನ್ನತ್ತ ಎಳೆದುಕೊಂಡಳು. ಆದರೆ ಹಿರಿಯರ ಕೈ ಹಿಡಿದು ಬೇಡವೆನ್ನಲಾದೀತೇ?

ನರ್ಸರಿಯವನು ಉಳಿದ ಒಂದನ್ನೂ ಚಿವುಟಿ ಹಿಸುಕಿದ.

“ಅಯ್ಯೋ, ಇದು ಕೊಳೆತಿದೆ. ಇನ್ನೊಂದು ಎಲೆ ಇದ್ದಿದ್ರೆ ಹೇಳ್ತಿದ್ದೆ.”

“ಹೆಸರು ಹಾಳಾಗ್ಲಿ, ಬದುಕುತ್ತಾ ಹೇಳ್ರೀ!”

“ಯಾವ ಗಿಡ ಅಂತ ಗೊತ್ತಾಗ್ದೆ ಹೇಗಮ್ಮಾ ಹೇಳೋದು?”

ಹುಡುಗಿ ಬೋಳು ದಂಟನ್ನು ಅವನ ಮುಂದೆ ಕುಕ್ಕಿ, “ಇದನ್ನ ಮುಟ್ಟಿದ್ರೆ ನೋಡಿ!” ಎಂದವಳೇ, ಎಲೆ ವಾಪಸು ಕೇಳಲು ಮೇಷ್ಟ್ರ ಮನೆಗೆ ದುಮುಗುಟ್ಟುತ್ತ ಓಡಿದಳು.