ಲಕ್ಕಮ್ಮ ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೋದವರು ತಿನ್ನುವ ಪದಾರ್ಥವೊಂದನ್ನು ಅಲ್ಲೇ ಬಿಟ್ಟು ಬರಬೇಕು. ಬಿಟ್ಟಮೇಲೆ ಸಾಯುವವರೆಗೆ ಅದನ್ನು ಬಾಯಿಗಿಡುವಂತಿಲ್ಲ. ಪ್ರೀತಿಯದ್ದನ್ನೇ ಬಿಡಬೇಕೆಂದು ಶಾಸ್ತ್ರ ಹೇಳುತ್ತದೆ, ಆದರೆ ಶಾಸ್ತ್ರದಲ್ಲೂ ಸಂದು ಹುಡುಕುವ ಜನ ನಾವು. ಮದ್ರಾಸಿನಲ್ಲಿ ರೈಲು ಬದಲಿಸಿದಾಗಿನಿಂದ ಹುಣಸೇಕುಂಟೆಯ ಯಾತ್ರಿಕರಿಗೆಲ್ಲ ಇದೇ ಮಾತು. ಪಾಪಮ್ಮ ಹಾಗಲಕಾಯಿ ಬಿಡುತ್ತೇನೆಂದಳು. ಅವಳು ಹಾಗಲಕಾಯಿ ತಿಂದದ್ದನ್ನು ಊರಲ್ಲಿ ಕಂಡವರೇ ಇರಲಿಲ್ಲ.

"ಹೀರೇಕಾಯಿ ಬಿಡು ಅಂದ್ರೆ ಬಿಟ್ಟೇನು, ಕುಂಬಳಕಾಯಿ ಅಂದ್ರೂ ಬಿಟ್ಟೇನು. ಹಲಸಿನಹಣ್ಣು ಬಿಡು ಅಂದ್ರೆ ಮಾತ್ರ ಕಾಶೀನೇ ಬಿಟ್ಬಿಡ್ತೀನಿ ಕಣ್ರೇ!" ಎಂದಳು ಲಕ್ಕಮ್ಮ. ಬೋಗಿಗೆ ಬೋಗಿಯೇ ನಕ್ಕಿತು.

ನಗದೆ ಕೂತವಳು ಅವಳ ಸೊಸೆ ಅನುಸೂಯ ಒಬ್ಬಳೇ. ಕಿಟಕಿಗೆ ತಲೆಯಾನಿಸಿ, ಸೆರಗಿನ ಒಳಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಅಲ್ಲಿ ಎರಡು ತಿಂಗಳ ಒಂದು ಜೀವವಿತ್ತು. ಆ ಸುದ್ದಿ ಅವಳನ್ನು ಬಿಟ್ಟರೆ ದೇವರಿಗೆ ಮಾತ್ರ ಗೊತ್ತಿತ್ತು.

ಮುಚ್ಚಿಟ್ಟಿದ್ದಕ್ಕೆ ಕಾರಣವಿತ್ತು. ಹಿಂದೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಮೂರು ತುಂಬುವ ಮೊದಲೇ ಇಳಿದುಹೋಗಿತ್ತು. ಆಗೆಲ್ಲ ಲಕ್ಕಮ್ಮ ಊರಿಗೇ ಸಾರಿಬಂದಿದ್ದಳು, ಆಮೇಲೆ ಅದೇ ಊರು ಜಗಲಿಯ ಮೇಲೆ ಬಂದು ಕೂತು ಲೊಚಗುಟ್ಟಿ ಎದ್ದುಹೋಗಿತ್ತು. ಈ ಸಲ ನಾಲ್ಕು ತುಂಬುವವರೆಗೆ ಬಾಯಿ ಬಿಡುವುದಿಲ್ಲವೆಂದು ಅನುಸೂಯ ಮನೆದೇವರ ಮುಂದೆ ಆಣೆ ಮಾಡಿಕೊಂಡಿದ್ದಳು. ಊರಲ್ಲೇ ಉಳಿದಿದ್ದ ಗಂಡ ರಾಮಾಂಜಿನಪ್ಪನಿಗೂ ಹೇಳಿರಲಿಲ್ಲ. ಹೇಳಿದ್ದರೆ ಈ ಯಾತ್ರೆಯೇ ತಪ್ಪುತ್ತಿತ್ತು, ಬಸುರಿಯನ್ನು ಯಾರು ತಾನೇ ಹೊಳೆ ದಾಟಿಸುತ್ತಾರೆ? ಹೇಳದೆ 'ನಾನು ಬರಲ್ಲ' ಎನ್ನುವುದಕ್ಕೂ ಧೈರ್ಯ ಸಾಲಲಿಲ್ಲ. ಯಾಕೆಂದರೆ ಲಕ್ಕಮ್ಮ ಸಮೇತನಹಳ್ಳಿಯ ತನ್ನ ತಮ್ಮ ಚಿಕ್ಕವೆಂಕಟಪ್ಪನಿಗೆ ಒಂದು ಮಾತು ಕೊಟ್ಟಿದ್ದಳು: ಕಾಶಿಗೆ ಹೋಗಿಬಂದಮೇಲೂ ಸೊಸೆಯ ಮಡಿಲು ತುಂಬದಿದ್ದರೆ ನಿನ್ನ ಮಗಳನ್ನು ನನ್ನ ಮಗನಿಗೆ ತರುತ್ತೇನೆ. ಈ ಮಾತು ಅನುಸೂಯಳ ಕಿವಿಗೆ ಬಿದ್ದದ್ದು ಪಾಪಮ್ಮನ ಬಾಯಿಂದ. ಪಾಪಮ್ಮನ ಹೊಟ್ಟೆಯಲ್ಲಿ ಯಾವ ಗುಟ್ಟೂ ಅರಗುವುದಿಲ್ಲ.

ರೈಲಿಳಿದು ಜಟಕಾ ಹತ್ತಿದಾಗ ಅನುಸೂಯ ಗೋಪುರಕ್ಕಾಗಿ ಕತ್ತೆತ್ತಿ ಹುಡುಕಿದಳು. ತಿರುಪತಿ ಬೆಟ್ಟ ದೂರದಿಂದಲೇ ಕಾಣುವುದಿಲ್ಲವೇ, ಹಾಗೇ ಕಾಶಿಯೂ ಚಿನ್ನದ ಶಿಖರ ಎತ್ತಿಕೊಂಡು ನಿಂತಿರುತ್ತದೆ ಅಂತ ಅವಳ ಎಣಿಕೆ. ಕಂಡದ್ದು ಧೂಳು, ಕೋತಿ, ಗೋಡೆಗೆಲ್ಲ ತಟ್ಟಿದ ಬೆರಣಿ. ಜಟಕಾದವನು ದೊಡ್ಡ ಬೀದಿಯಲ್ಲೇ ಇಳಿಸಿ ಕೈ ತೋರಿಸಿ ಹೋದ. ಅಲ್ಲಿಂದ ಮುಂದೆ ಓಣಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಮಾಘದ ಚಳಿ ಕಲ್ಲುಹಾಸಿನಿಂದ ನೇರ ಅಂಗಾಲಿಗೆ ಏರುತ್ತಿತ್ತು. ಎಲ್ಲೆಲ್ಲೂ ಗಂಟೆ, ಎಲ್ಲೆಲ್ಲೂ ಅರ್ಥವಾಗದ ಮಾತು.

"ಯಾರೂ ಹಿಂದೆ ಉಳೀಬೇಡ್ರಪ್ಪಾ! ತಪ್ಪಿಸ್ಕೊಂಡ್ರೆ ನಾನು ಯಾವ ಭಾಷೇಲಿ ಹುಡುಕ್ಲಿ?" ಎಂದು ಯಾತ್ರೆಯ ಯಜಮಾನ ಅಪ್ಪಯ್ಯಣ್ಣ ಮುಂದಿನಿಂದ ಕೂಗಿದ.

ಅಷ್ಟು ಹೇಳಿದ್ದೇ ತಡ, ಲಕ್ಕಮ್ಮ ಹಿಂದೆ ಉಳಿದಳು. ಓಣಿಯ ತಿರುವಿನಲ್ಲಿ ಆನೆಮರಿಯಷ್ಟು ದೊಡ್ಡ ಗೂಳಿಯೊಂದು ಅಡ್ಡ ನಿಂತಿತ್ತು. ಸಾಕ್ಷಾತ್ ಬಸವಣ್ಣನನ್ನು ಕಂಡು ಸುಮ್ಮನೆ ಹೋಗುವುದುಂಟೇ? ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಸೊಸೆಯ ಕೈ ಹಿಡಿದು ಅವಳಿಂದಲೂ ಮುಟ್ಟಿಸಿದಳು. ತಲೆಯೆತ್ತುವಷ್ಟರಲ್ಲಿ ಅಪ್ಪಯ್ಯಣ್ಣನೂ ಇಲ್ಲ, ಪಾಪಮ್ಮನೂ ಇಲ್ಲ. ಮುಂದೆ ಓಣಿ ಮೂರಾಗಿ ಒಡೆದಿತ್ತು.

"ಅತ್ತೆ, ಯಾವ ಕಡೆ ಹೋದ್ರು?"

ಲಕ್ಕಮ್ಮನಿಗೂ ಎದೆ ಧಸಕ್ಕೆಂದಿರಬೇಕು, ಆದರೆ ತೋರಿಸಿಕೊಳ್ಳುವ ಹೆಂಗಸಲ್ಲ. ಅಷ್ಟರಲ್ಲಿ ಹಿಂದಿನಿಂದ ತಾಳದ ಸದ್ದು, ಅದರ ಜೊತೆ ರಾಮನಾಮ. ನಾಲ್ಕು ಮಂದಿ ಹೆಗಲ ಮೇಲೆ ಬಿದಿರಿನ ಪಲ್ಲಕ್ಕಿಯೊಂದನ್ನು ಹೊತ್ತು ಬಿರಬಿರನೆ ಬರುತ್ತಿದ್ದರು. ಕೆಂಪು ಜರಿಯ ಬಟ್ಟೆ ಮಿರಮಿರ ಮಿಂಚುತ್ತಿತ್ತು, ಮೇಲೆ ರಾಶಿ ಚೆಂಡುಹೂ. ಗೂಳಿ ದಾರಿ ಬಿಡಲಿಲ್ಲ. ಹೊತ್ತವರು ನಿಂತು ಹೆಗಲು ಬದಲಿಸತೊಡಗಿದರು.

"ನಮ್ಮಪ್ಪಾ! ಊರೊಳಕ್ಕೆ ಕಾಲಿಡ್ತಿದ್ದಂಗೇ ದೇವ್ರೇ ಎದುರಿಗೆ ಬಂದವ್ನೆ!" ಎಂದಳು ಲಕ್ಕಮ್ಮ.

ಅವಳನ್ನು ಬೈಯುವ ಹಾಗಿಲ್ಲ. ಹುಣಸೇಕುಂಟೆಯಲ್ಲಿ ಅಮ್ಮನವರ ಪಲ್ಲಕ್ಕಿ ಬೀದಿಗೆ ಬಂದರೆ ಮಕ್ಕಳಿಲ್ಲದ ಹೆಂಗಸರು ಅದರ ಅಡಿ ನುಸುಳುತ್ತಾರೆ. ನುಸುಳಿದರೆ ಒಡಲು ತುಂಬುತ್ತದೆ. ಆಗ ಹೂವೊಂದು ಬಲಗಡೆ ಬಿದ್ದರಂತೂ ಕೇಳುವುದೇ ಬೇಡ. ಲಕ್ಕಮ್ಮ ಸೊಸೆಯ ನೆತ್ತಿಯ ಮೇಲೆ ಕೈಯಿಟ್ಟು ಒತ್ತಿದಳು. "ಬಗ್ಗು, ಬಗ್ಗು! ನುಸುಳೇ ಅನ್ಸೂಯ!" ಅನುಸೂಯ ಬಗ್ಗಿ ಬಿದಿರಿನ ಕೆಳಗೆ ಆ ಬದಿಗೆ ನುಸುಳಿದಳು. ಹೊತ್ತವರು ಏನೋ ಕಿರುಚಿದರು. ದಕ್ಷಿಣೆ ಕೇಳುತ್ತಿದ್ದಾರೆಂದು ಲಕ್ಕಮ್ಮ ಸೊಂಟದ ಚೀಲದಿಂದ ನಾಣ್ಯ ತೆಗೆದು ಜರಿಬಟ್ಟೆಯ ಮೇಲಿಟ್ಟು ಕೈಮುಗಿದಳು. ಗೂಳಿ ಕೊನೆಗೂ ಸರಿಯಿತು. ಪಲ್ಲಕ್ಕಿ ಕುಲುಕಿ ಹೊರಟಾಗ ಒಂದು ಚೆಂಡುಹೂ ಅನುಸೂಯಳ ಬಲಗಡೆಗೇ ಬಿತ್ತು.

"ಬಲಗಡೆ!" ಲಕ್ಕಮ್ಮನ ಕಣ್ಣಲ್ಲಿ ನೀರಾಡಿತು. ಹೂವನ್ನು ತಾನೇ ಎತ್ತಿ ಸೊಸೆಯ ತುರುಬಿಗೆ ಸಿಕ್ಕಿಸಿದಳು. ಮದುವೆಯಾಗಿ ಬಂದಮೇಲೆ ಅತ್ತೆ ತನ್ನ ತಲೆ ಮುಟ್ಟಿದ್ದು ಅದೇ ಮೊದಲೇನೋ ಎನಿಸಿತು ಅನುಸೂಯಳಿಗೆ. ಒಳಗಿನ ಜೀವಕ್ಕೆ ವಿಶ್ವನಾಥನೇ ಬಂದು ಕಾವಲು ನಿಂತ ಹಾಗಾಯಿತು. ಅಲ್ಲೇ, ಆಗಲೇ ಹೇಳಿಬಿಡೋಣವೆಂದು ನಾಲಿಗೆಯ ತುದಿಗೆ ಬಂತು. ಆಣೆ ನೆನಪಾಗಿ ನುಂಗಿಕೊಂಡಳು.

"ಈ ದೇವ್ರ ಹಿಂದೇನೇ ಹೋಗಾಣ ನಡಿ. ದೇವಸ್ಥಾನಕ್ಕೇ ಹೋಯ್ತದೆ. ನಮ್ಮೋರೂ ಅಲ್ಲೇ ಸಿಕ್ತಾರೆ," ಎಂದಳು ಲಕ್ಕಮ್ಮ.

ಅತ್ತೆ ಸೊಸೆ ಕೈಮುಗಿದುಕೊಂಡು ಹಿಂದೆ ನಡೆದರು. ಪಲ್ಲಕ್ಕಿಯ ಹಿಂದೆ ಗಂಡಸರೇ, ಹೆಂಗಸರು ಒಬ್ಬರೂ ಇಲ್ಲ. ಅಂಗಡಿ ಕಟ್ಟೆಯ ಮೇಲೆ ಕೂತವರು ಇವರಿಬ್ಬರನ್ನೇ ನೋಡಿ ಏನೋ ಆಡಿಕೊಂಡರು. ದೇವರಿಗೆ ಯಾಕಿಷ್ಟು ಆತುರ ಎಂದು ಅನುಸೂಯಳಿಗೆ ಅನಿಸದೆ ಇರಲಿಲ್ಲ. ಓಣಿ ಇಳಿಜಾರಾಯಿತು, ಹೊಗೆ ಕಣ್ಣಿಗೆ ಬಡಿಯಿತು. ಎರಡು ಬದಿಗೂ ಮನೆಯೆತ್ತರ ಸೌದೆ ಒಟ್ಟಿದ್ದರು.

"ನೋಡೆ, ಎಷ್ಟು ಸೌದೆ! ದಿನಾ ಸಾವ್ರಾರು ಜನಕ್ಕೆ ಅನ್ನ ಬೇಯಿಸ್ತಾರೆ ಅಂತ ಕಾಣ್ತದೆ," ಎಂದಳು ಲಕ್ಕಮ್ಮ.

ಓಣಿ ಮುಗಿದು ಕೆಳಗೆ ಗಂಗೆ ಕಂಡಿತು, ಬೂದಿಬಣ್ಣದ ಅಗಲವಾದ ಗಂಗೆ. ಅನುಸೂಯಳ ಕಣ್ಣು ಮಾತ್ರ ದಂಡೆಯ ಮೇಲೆ ನೆಟ್ಟಿತು. ಮೆಟ್ಟಿಲ ಮೇಲೆ ಅಲ್ಲೊಂದು ಇಲ್ಲೊಂದು ಬೆಂಕಿ ಉರಿಯುತ್ತಿತ್ತು, ಮೇಲೆ ಪಾತ್ರೆಗಳಿರಲಿಲ್ಲ. ಹೊತ್ತವರು ಪಲ್ಲಕ್ಕಿಯನ್ನು ನೀರಿನಂಚಿಗೆ ಇಳಿಸಿ ಹೊಳೆಯಲ್ಲಿ ಅದ್ದಿದರು. ಜರಿಬಟ್ಟೆ ಸರಿದು ಕಾಲೆರಡು ಹೊರಗೆ ಬಂದವು. ಹೆಬ್ಬೆರಳುಗಳನ್ನು ಒಂದಕ್ಕೊಂದು ದಾರದಿಂದ ಬಿಗಿದಿದ್ದರು.

ಹೆಬ್ಬೆರಳು ಯಾರಿಗೆ ಬಿಗಿಯುತ್ತಾರೆಂದು ಯಾವ ಊರಿನವರಿಗೂ ಹೇಳಿಕೊಡಬೇಕಾಗಿಲ್ಲ.

ಹುಣಸೇಕುಂಟೆಯಲ್ಲಿ ಸತ್ತವರ ಮುಖ ತೆರೆದಿರುತ್ತದೆ, ಮುಂದೆ ತಮಟೆ ಬಡಿಯುತ್ತದೆ, ಬೆಂಕಿಮಡಕೆ ಹೋಗುತ್ತದೆ, ದಾರಿಯುದ್ದಕ್ಕೂ ಪುರಿ ಎರಚುತ್ತಾರೆ. ಒಯ್ದು ಹೂಳುತ್ತಾರೆ. ತಲೆಯಿಂದ ಕಾಲಿನವರೆಗೆ ಮದುವಣಗಿತ್ತಿಯ ಹಾಗೆ ಜರಿ ಹೊದಿಸಿ ಓಡಿಸಿಕೊಂಡು ಹೋಗುವ ಹೆಣವನ್ನು ಅತ್ತೆ ಕಂಡವಳಲ್ಲ, ಸೊಸೆಯೂ ಕಂಡವಳಲ್ಲ. ಲಕ್ಕಮ್ಮ ನಿಂತಲ್ಲೇ ಕುಸಿದು ಮೆಟ್ಟಿಲ ಮೇಲೆ ಕೂತಳು. ಅನುಸೂಯಳೂ ಪಕ್ಕದಲ್ಲಿ ಕೂತಳು.

"ಹೆಣ ಕಣೇ. ಹೆಣದ ಕೆಳಗೆ ನುಸುಳಿಸ್ಬಿಟ್ನಲ್ಲೇ ನಿನ್ನ!" ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಂತೆ, "ಸದ್ಯ, ನಿನ್ನ ಹೊಟ್ಟೇಲಿ ಏನೂ ಇಲ್ಲ. ಇದ್ದಿದ್ರೆ ನನ್ನ ಕೈಯ್ಯಾರ ನಾನೇ ಕೊಂದಂಗಾಗ್ತಿತ್ತು. ಮುಳುಗು ಹಾಕಿದ್ರೆ ಹೋಯ್ತದೆ. ಏಳು, ತಲೆ ಮೇಲೆ ನೀರು ಹುಯ್ಕೊಳ್ಳಾಣ," ಎಂದಳು.

ಅನುಸೂಯ ಏಳಲಿಲ್ಲ. ಕೆಳಹೊಟ್ಟೆಯಲ್ಲಿ ಸಣ್ಣಗೆ ಚಳುಕು ಹೊಡೆದಿತ್ತು. ಆ ಚಳುಕು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹಿಂದೆ ಎರಡು ಸಲವೂ ಹೀಗೇ ಶುರುವಾಗಿತ್ತು. ಕಲ್ಲನ್ನು ಉಗುರಿನಲ್ಲಿ ಕೆರೆಯುತ್ತ ಉಸಿರು ಹಿಡಿದಳು. ಹೇಳದಿದ್ದರೆ ಈ ಚಳಿನೀರಿಗೆ ಇಳಿಯಬೇಕು. ಹೇಳಿದರೆ ಮುಚ್ಚಿಟ್ಟವಳು ಎನಿಸಿಕೊಳ್ಳಬೇಕು. ಉಳಿಯದಿದ್ದರೆ ಬಂಜೆ ಎನಿಸಿಕೊಳ್ಳಬೇಕು, ಮನೆಗೆ ಸಮೇತನಹಳ್ಳಿಯ ಹುಡುಗಿ ಬರುತ್ತಾಳೆ. ಇನ್ನೊಂದು ಚಳುಕು ಬಂತು. ಅದು ಅವಳ ಬಾಯಿ ಬಿಡಿಸಿತು.

"ಅತ್ತೆ, ಖಾಲಿ ಇಲ್ಲ."

"ಏನು ಖಾಲಿ ಇಲ್ಲ?"

"ಹೊಟ್ಟೆ. ಎರಡು ತಿಂಗಳಾಯ್ತು. ಈಗ ನೋಯ್ತಾ ಅದೆ."

ಬೈಗುಳಕ್ಕಾಗಿ ಅನುಸೂಯ ತಲೆತಗ್ಗಿಸಿ ಕಾದಳು. ಲಕ್ಕಮ್ಮನ ಬಾಯಿಗೆ ಹೆದರದವರು ಹುಣಸೇಕುಂಟೆಯಲ್ಲಿ ಯಾರಿದ್ದಾರೆ? ಬೈಗುಳ ಬರಲಿಲ್ಲ. ಕಣ್ಣೆತ್ತಿದರೆ ಅತ್ತೆ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು, ಸೊಸೆಯ ನೆತ್ತಿ ಒತ್ತಿದ ಕೈಯನ್ನು.

ಆಮೇಲೆ ಲಕ್ಕಮ್ಮ ಮುಂದೆ ಬಾಗಿ ಸೊಸೆಯ ತುರುಬಿನಿಂದ ಆ ಚೆಂಡುಹೂವನ್ನು ಕಿತ್ತಳು. ಎಸೆಯುತ್ತಾಳೆಂದುಕೊಂಡಳು ಅನುಸೂಯ. ಲಕ್ಕಮ್ಮ ಅದನ್ನು ತನ್ನ ನರೆತ ತುರುಬಿಗೆ ಸಿಕ್ಕಿಸಿಕೊಂಡಳು. ಗಂಡ ಸತ್ತು ಹನ್ನೆರಡು ವರ್ಷದಿಂದ ಹೂವಿನ ವಾಸನೆಯೂ ತಾಗದಿದ್ದ ತಲೆ ಅದು.

"ಅತ್ತೆ! ಏನು ಮಾಡ್ತಿದ್ದೀರಾ?"

"ಸುಮ್ಕಿರು." ಲಕ್ಕಮ್ಮ ಉರಿಯುವ ಬೆಂಕಿಗಳ ಕಡೆಗೆ ತಿರುಗಿ, ಹೊಲದ ಬದುವಿನಲ್ಲಿ ಪಕ್ಕದವನ ಜೊತೆ ನ್ಯಾಯ ಮಾಡುವ ದನಿಯಲ್ಲೇ ಕೂಗಿದಳು: "ಕೇಳ್ತಾ ಇದ್ದೀಯೇನಪ್ಪಾ ವಿಶ್ವನಾಥ? ತಳ್ಳಿದ್ದು ನಾನು. ಹೂವು ನಂದು. ಬರೋದಿದ್ರೆ ನನ್ನ ತಾವ ಬಾ. ಆ ಮಗೀನ ತಂಟೆಗೆ ಹೋಗ್ಬೇಡ!"

ಬೆಂಕಿ ನೋಡಿಕೊಳ್ಳುವವನೊಬ್ಬ ಕೋಲು ಹಿಡಿದುಕೊಂಡೇ ತಿರುಗಿ ನೋಡಿದ. ಅನುಸೂಯಳಿಗೆ ಭಯವಾಯಿತು. ದೇವರಿಗಿಂತ ಹೆಚ್ಚಾಗಿ ಅತ್ತೆಯ ಬಗ್ಗೆಯೇ ಭಯವಾಯಿತು, ಈ ಮುದುಕಿಗೆ ಏನಾದರೂ ಆದರೆ ಎಂದು.

ನೀರಿಗೆ ಇಳಿಸಲಿಲ್ಲ. ಲಕ್ಕಮ್ಮ ಸೊಸೆಯನ್ನು ತೋಳಿನಲ್ಲಿ ಹಿಡಿದುಕೊಂಡು ಬಂದ ಓಣಿಯಲ್ಲೇ ವಾಪಸು ಹತ್ತಿದಳು. ಎದುರಿಗೆ ಮತ್ತೆ ರಾಮನಾಮ, ಮತ್ತೆ ಬಿದಿರು. ಪ್ರತಿ ಸಲವೂ ಸೊಸೆಯ ಮುಖವನ್ನು ತನ್ನ ಎದೆಗೆ ಒತ್ತಿಕೊಂಡು, ಓಣಿಗೆ ಬೆನ್ನು ಕೊಟ್ಟು ನಿಂತಳು. ಹೆಣಗಳು ಅವಳ ಬೆನ್ನನ್ನು ಸವರಿಕೊಂಡೇ ಹೋದವು. ಅನುಸೂಯಳಿಗೆ ಕಂಡದ್ದು ಅತ್ತೆಯ ರವಿಕೆಯ ನೂಲು, ಕೇಳಿಸಿದ್ದು ಅದರೊಳಗಿನ ಎದೆಬಡಿತ.

ಗೂಳಿಯ ತಿರುವಿನಲ್ಲಿ ಅಪ್ಪಯ್ಯಣ್ಣ ಸಿಕ್ಕಿದ. ಕೂಗಿ ಕೂಗಿ ಅವನ ಗಂಟಲು ಒಡೆದಿತ್ತು. "ಲಕ್ಕಕ್ಕಾ, ಎಲ್ಲಿಗೆ ಹೋಗಿದ್ರಿ..." ಎಂದವನು ಅವಳ ತಲೆ ನೋಡಿ ಅಲ್ಲಿಗೇ ನಿಲ್ಲಿಸಿದ. ಛತ್ರದಲ್ಲಿ ಪಾಪಮ್ಮ ಮಾತ್ರ ಬಾಯಿ ಕಟ್ಟಿಕೊಳ್ಳಲಿಲ್ಲ. "ಇದೇನಕ್ಕ, ಗಂಡನ್ನ ಮಣ್ಣು ಮಾಡಿದೋಳು ಹೂ ಮುಡ್ಕೊಂಡು ಬಂದಿದ್ದೀಯ?"

"ದೇವ್ರು ಕೊಟ್ಟ. ಇಸ್ಕೊಂಡೆ," ಎಂದಳು ಲಕ್ಕಮ್ಮ. ಹುಣಸೇಕುಂಟೆಯ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು.

ಎರಡು ದಿನ ಅನುಸೂಯ ಛತ್ರದ ಮೂಲೆಯಲ್ಲಿ ಮಲಗಿದ್ದಳು. ಪ್ರಯಾಣದ ಆಯಾಸ ಎಂದು ಎಲ್ಲರಿಗೂ ಹೇಳಿದ್ದಾಯಿತು. ಊರಿನವರು ವಿಶ್ವನಾಥನನ್ನು ನೋಡಿಬಂದರು, ಅನ್ನಪೂರ್ಣೆಯನ್ನು ನೋಡಿಬಂದರು. ಜನ್ಮಕ್ಕೊಮ್ಮೆ ಕಾಶಿಗೆ ಬಂದ ಲಕ್ಕಮ್ಮ ಛತ್ರದ ಹೊಸಿಲು ದಾಟಲಿಲ್ಲ. ಹುರಿಹಿಟ್ಟು ಕಲಸಿ ತಿನ್ನಿಸಿದಳು, ಪಾದ ಒತ್ತಿದಳು, ಗಳಿಗೆಗೊಮ್ಮೆ ಕಣ್ಣಲ್ಲೇ ಕೇಳಿದಳು. ಅನುಸೂಯ ಕಣ್ಣಲ್ಲೇ 'ಇನ್ನೂ ಇದೆ' ಎಂದಳು. ರಕ್ತ ಕಾಣಿಸಲಿಲ್ಲ, ಚಳುಕು ಮಾತ್ರ ಬಂದು ಬಂದು ಹೋಗುತ್ತಿತ್ತು. ಹೂ ಬಾಡಿ ಕಂದಿತು, ಲಕ್ಕಮ್ಮ ಅದನ್ನು ತೆಗೆಯಲಿಲ್ಲ.

ಮೂರನೆಯ ಬೆಳಿಗ್ಗೆ ಬಿಡುವ ಶಾಸ್ತ್ರ. ಬೇರೆ ಸ್ನಾನಘಟ್ಟಕ್ಕೆ ಹೋದರು, ಹೊಗೆಯಿಲ್ಲದ ಘಟ್ಟಕ್ಕೆ. ಅನುಸೂಯ ಕಂಬಳಿ ಹೊದ್ದು ಮೇಲಿನ ಮೆಟ್ಟಿಲಲ್ಲಿ ಕೂತಳು. ನಮ್ಮ ಕಡೆಯ ಯಾತ್ರಿಕರ ಜೊತೆ ಆಡಿ ಆಡಿ ಚೂರುಪಾರು ಕನ್ನಡ ಕಲಿತಿದ್ದ ಪುರೋಹಿತ ನೀರಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಪಾಪಮ್ಮ ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಂಡಳು. ಲಕ್ಕಮ್ಮನ ಸರದಿ ಬಂತು.

"ಅಮ್ಮಾ, ಏನು ಬಿಡ್ತೀರಿ?"

ಲಕ್ಕಮ್ಮ ಮೊದಲು ತುರುಬಿನ ಹೂ ತೆಗೆದು ಗಂಗೆಯಲ್ಲಿ ಬಿಟ್ಟಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಸಮೇತನಹಳ್ಳೀಲಿ ನನ್ನ ತಮ್ಮನಿಗೆ ಒಂದು ಮಾತು ಕೊಟ್ಟಿದ್ದೆ. ಅದನ್ನ ಬಿಟ್ಟೆ. ನನ್ನ ಮನೆಗೆ ಸೊಸೆ ಒಬ್ಬಳೇ. ಅವಳ ಮಡಿಲು ತುಂಬಿದ್ರೂ ಒಬ್ಬಳೇ, ತುಂಬದಿದ್ರೂ ಒಬ್ಬಳೇ."

ಪಾಪಮ್ಮನ ತೆರೆದ ಬಾಯಿ ತೆರೆದೇ ಇತ್ತು. ಪುರೋಹಿತ ತಲೆ ಕೆರೆದುಕೊಂಡ. "ಮಾತು ಬಿಡೋದಕ್ಕೆ ಮಂತ್ರ ಇಲ್ಲಮ್ಮಾ. ತರಕಾರಿ ಹೇಳಿ, ಹಣ್ಣು ಹೇಳಿ."

ಲಕ್ಕಮ್ಮ ಹೊಳೆಯ ಕಡೆ ನೋಡಿದಳು.

"ಹಲಸಿನಹಣ್ಣು," ಎಂದಳು.

ಈ ಸಲ ಯಾರೂ ನಗಲಿಲ್ಲ. ಮೇಲೆ ಕೂತಿದ್ದ ಅನುಸೂಯಳಿಗೆ ಮನೆಯ ಹಿತ್ತಿಲ ಮರ ನೆನಪಾಯಿತು. ಹೊರಡುವ ದಿನ ಅತ್ತೆ ಅದರ ಬುಡದಲ್ಲಿ ನಿಂತು, ಈ ವರ್ಷ ಕಾಯಿ ಚೆನ್ನಾಗಿ ಕಚ್ಚಿದೆ ಎಂದು ಮಗುವಿನ ಹಾಗೆ ಹಿಗ್ಗಿದ್ದಳು. ಸುಡುಗಾಡಿನ ಮೆಟ್ಟಿಲ ಮೇಲೂ ಬಾರದ ಅಳು ಅನುಸೂಯಳಿಗೆ ಈಗ ಬಂತು. ಕಂಬಳಿಯಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಳು.

ಲಕ್ಕಮ್ಮ ನೀರು ಸುರಿಸುತ್ತ, ಚಳಿಗೆ ಗದಗದ ನಡುಗುತ್ತ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕೂತಳು.

"ಅಳ್ಬೇಡ್ವೇ, ಹೊಟ್ಟೆ ಕುಲುಕ್ತದೆ," ಎಂದಳು. "ನನ್ನ ಪಾಲಿನ ತೊಳೆ ತಿನ್ನೋಕೆ ಮನೇಲಿ ಒಬ್ರು ಬೇಕಲ್ಲ."