ಎಡಗೈಯ ದಾರ

ಬಲತೋಳನ್ನು ಮಡಚಿ ಪಿನ್ನು ಹಾಕುವುದೋ, ಹಾಗೇ ಇಳಿಬಿಡುವುದೋ ಎಂಬಲ್ಲಿಗೆ ಬಂದು ಕೆಲಸ ನಿಂತುಹೋಯಿತು. ಹೆಣಕ್ಕೆ ಅಂಗಿ ತೊಡಿಸುತ್ತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವಿನ ಮನೆಯಲ್ಲಿ ಸಲಹೆಗೇನು ಬರಗಾಲ? ಮಡಚಿದರೆ ಕೈ ಇಲ್ಲದ್ದು ಎದ್ದು ಕಾಣುತ್ತದೆ ಎಂದರು ಒಬ್ಬರು. ಇಳಿಬಿಟ್ಟು ಒಳಗೆ ಹತ್ತಿ ತುರುಕಿ ಎಂದರು ಇನ್ನೊಬ್ಬರು. ಮೂಲೆಮನೆಯ ಮುದುಕರಂತೂ, ಹೋಗುವಾಗಲಾದರೂ ಪೂರ್ತಿ ಮನುಷ್ಯನಾಗಿ ಹೋಗಲಿ ಪಾಪ ಎಂದು ಕೈಗವಸು ಹುಡುಕಲು ಸೊಸೆಯನ್ನು ಮನೆಗೆ ಅಟ್ಟಿದರು.

"ಮಡಚಿ ಪಿನ್ನು ಹಾಕಿ," ಎಂದಳು ಹೆಂಡತಿ, ಗೋಡೆಗೊರಗಿ ಕೂತಲ್ಲಿಂದಲೇ. "ಇಪ್ಪತ್ತು ವರ್ಷದಿಂದ ಹಾಗೇ ಹಾಕ್ಕೊಂಡಿದ್ದು. ಗೆರೆ ಮಾತ್ರ ನೆಟ್ಟಗಿರಲಿ."

ಸತ್ತವನನ್ನು ಬೀದಿಯವರು ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಆಸ್ಪತ್ರೆ, ಹೋಟೆಲುಗಳ ಚಾದರ, ದಿಂಬಿನ ಚೀಲ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವನ ಆಯುಸ್ಸು ಸವೆದಿತ್ತು. ಮಡಿಕೆಯ ಗೆರೆ ಸೊಟ್ಟಗಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಸರಿ, ಕುರ್ಚಿಯ ಮೇಲೆ ಬಿಸಾಕಿದ ಟವೆಲು ಕಂಡರೆ ಮಡಚಿಟ್ಟೇ ಕೂರುತ್ತಿದ್ದ. ಅದೂ ಒಂದೇ ಕೈಯಲ್ಲಿ, ಒಂದು ತುದಿಯನ್ನು ಗದ್ದದ ಕೆಳಗೆ ಅದುಮಿ ಹಿಡಿದು. ನಿನ್ನೆ ಸಂಜೆ ಕೆಲಸದಿಂದ ಬಂದವನು ಎದೆ ಹಿಡಿದುಕೊಂಡು ಕೂತ. ಮಗಳು ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳದೆ ಹೋದ ಪುಣ್ಯಾತ್ಮ ಎಂದು ಜನ ಮಾತಾಡಿಕೊಂಡರು. ಹೇಳುವವರಿಗೇನು, ಬಾಯಿಗೆ ಬಾಡಿಗೆಯೇ?

ತೋಳು ಮಡಚಲು ಮುಂದೆ ಬಂದವನು ಉದ್ದಣ್ಣ. ಬಟ್ಟೆಯನ್ನು ಒಳಗೆಳೆದುಕೊಂಡು ಇಸ್ತ್ರಿ ಮಾಡುವ ಲಾಂಡ್ರಿಯ ಬಿಸಿ ರೋಲರಿಗೆ ಚಾದರ ಕೊಡುವಾಗ ಒಂದು ತುದಿ ಸತ್ತವನ ಕೈಯಲ್ಲಿದ್ದರೆ ಇನ್ನೊಂದು ತುದಿ ಇವನ ಕೈಯಲ್ಲಿರುತ್ತಿತ್ತು. ಅವನು ಮಂಡಿಯೂರಿ, ಖಾಲಿ ತೋಳನ್ನು ಮೆಲ್ಲಗೆ ಮಡಚಿ, ಹೆಬ್ಬೆರಳಿನಿಂದ ಗೆರೆ ತೀಡಿ ಪಿನ್ನು ಚುಚ್ಚಿದ. ಸರಿ ಕಾಣಲಿಲ್ಲವೇನೋ, ಬಿಚ್ಚಿ ಮತ್ತೆ ಮಡಚಿದ. ಯಾರೂ ಅವನಿಗೆ ಬೇಗ ಮಾಡು ಎನ್ನಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಸತ್ತವನ ಒಬ್ಬಳೇ ಅಕ್ಕ. ಶಾಲೆ ಚೀಲ, ಪ್ರಯಾಣದ ಚೀಲ ರಿಪೇರಿ ಮಾಡುವ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತೂ ಕೂತೂ ಬೆನ್ನು ಬಾಗಿದ ಹೆಂಗಸು. ಬಾಗಿಲಲ್ಲಿ ಚಪ್ಪಲಿ ಬಿಟ್ಟವಳು ಯಾರನ್ನೂ ನೋಡದೆ ನೇರ ತಮ್ಮನ ಎಡಗಡೆಗೆ ಹೋಗಿ ಕೂತಳು. ಅಳಲಿಲ್ಲ. ಅವನ ಎಡಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟನ್ನು ಸವರಿದಳು. ಮಣಿಕಟ್ಟು ಬರಿದಾಗಿತ್ತು.

ಹೋದ ವಾರವಷ್ಟೇ ರಾಖಿ ಹಬ್ಬ ಕಳೆದಿತ್ತು. ಅವತ್ತು ಕಟ್ಟಿದ್ದು ಏನಾಯಿತು ಎಂದು ಅಕ್ಕ ಕೇಳಿದಳು. ಅವತ್ತೇ ಬಸ್ಸು ಇಳಿಯುವಾಗ ಹರಿದುಹೋಯಿತು ಅತ್ತೆ ಎಂದಳು ಮಗಳು. ಅಕ್ಕ ತಲೆಯಾಡಿಸಿದಳು. ಆಮೇಲೆ ಕೈಚೀಲಕ್ಕೆ ಕೈ ಹಾಕಿ, ಅಂಗಡಿಯಲ್ಲಿ ಚೀಲದ ಹಿಡಿ ಹೊಲಿಯುವ ದಪ್ಪ ನೈಲಾನ್ ದಾರದ ಉಂಡೆಯೊಂದನ್ನು ಹೊರತೆಗೆದಳು.

"ಹೋಗೋ ಮುಂಚೆ ಒಂದು ದಾರ ಕಟ್ತೀನಿ ಕಣಮ್ಮಾ," ಎಂದಳು ತಮ್ಮನ ಹೆಂಡತಿಗೆ. "ಅಷ್ಟೇ. ಇನ್ನೇನೂ ಕೇಳಲ್ಲ."

ಬೆಳಗಿನಿಂದ ಗೋಡೆ ಬಿಟ್ಟು ಕದಲದಿದ್ದ ಹೆಂಡತಿ ಆ ಉಂಡೆ ನೋಡಿದ್ದೇ ಎದ್ದು ನಿಂತಳು.

"ಬೇಡ. ಅದನ್ನ ಒಳಗಿಡಿ ಅಕ್ಕಾ."

*

ಅಕ್ಕ ತಮ್ಮನಿಗೆ ಕುಂಕುಮ ಇಡುವುದು, ಬಲಗೈಗೆ ರಾಖಿ ಕಟ್ಟಿ ಬಾಯಿಗೆ ಸಿಹಿ ಹಾಕುವುದು, ನಿನ್ನನ್ನು ಕಾಯುತ್ತೇನೆ ಎಂದು ಅವನು ಮಾತು ಕೊಡುವುದು, ಇವೆಲ್ಲ ಹತ್ತು ಮನೆಯಲ್ಲಿ ಇದ್ದದ್ದೇ. ಇವರ ಮನೆಯಲ್ಲಿ ಅಮ್ಮ ಮಾಡಿಟ್ಟ ಇನ್ನೊಂದು ಕಟ್ಟಳೆಯಿತ್ತು: ಕಟ್ಟಿದ ದಾರವನ್ನು ಕೈಯಾರೆ ಬಿಚ್ಚುವಂತಿಲ್ಲ. ಅದಾಗಿ ಸವೆದು ಬೀಳಬೇಕು. ದಾರ ಇರುವಷ್ಟು ದಿನ ಕೊಟ್ಟ ಮಾತು ಹಸಿಯಾಗಿರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಅವಳು ಹೋದಮೇಲೂ ಅಕ್ಕ ತಮ್ಮ ಅದನ್ನು ಬಿಟ್ಟಿರಲಿಲ್ಲ.

ಲಾಂಡ್ರಿಯ ಹಬೆಗೂ ಸೋಡಾಪುಡಿಗೂ ಯಾವ ದಾರ ತಾಳೀತು? ಅಂಗಡಿಯಿಂದ ತಂದ ರಾಖಿಗಳು ವಾರದೊಳಗೆ ಕೊಳೆತು ಬೀಳುತ್ತಿದ್ದವು. ತಮ್ಮನಿಗೆ ಅದೇ ಚೇಷ್ಟೆಯ ವಸ್ತು. ಬಕೆಟ್ಟಿಗೂ ವರ್ಷದ ಗ್ಯಾರಂಟಿ ಕೊಡ್ತಾರೆ, ನಿನ್ನ ಪ್ರೀತಿಗೆ ವಾರದ್ದೂ ಇಲ್ಲವಲ್ಲೇ ಅಕ್ಕಾ ಎಂದು ಕಾಡುತ್ತಿದ್ದ. ಒಂದು ವರ್ಷ ಅಕ್ಕನಿಗೆ ರೋಷ ಬಂತು. ಅಂಗಡಿಯ ನೈಲಾನ್ ದಾರ ತಂದು, ಮೂರೆಳೆ ಹೆಣೆದು, ನಡುವೆ ಕೆಂಪು ಬಟ್ಟೆಯ ಹೂವು ಹೊಲಿದಳು. ಚೀಲದ ಹಿಡಿಗೆ ಹಾಕುವ ಗಂಟನ್ನೇ ಹಾಕಿ ಕಟ್ಟಿ, ಹೂವನ್ನು ಬೆರಳಿನಿಂದ ಜಗ್ಗಿ ತೋರಿಸಿದಳು.

"ಆನೆ ಕಟ್ಟಿದ್ರೂ ಹರಿಯಲ್ಲ. ನೋಡ್ತಿರು."

ರೋಲರಿನ ಹತ್ತಿರ ಗಡಿಯಾರ, ಉಂಗುರ, ದಾರ ಏನೂ ಇರಬಾರದು ಎಂಬ ನಿಯಮವಿತ್ತು. ಮೇಸ್ತ್ರಿ ಬಾಗಿಲಲ್ಲೇ ನಿಂತು ಕೈ ನೋಡುತ್ತಿದ್ದ. ತಮ್ಮನೋ ರಾಖಿಯನ್ನು ಮೊಣಕೈವರೆಗೆ ಏರಿಸಿ ಮೇಲೆ ತೋಳು ಎಳೆದುಕೊಂಡು ಒಳಗೆ ಹೋದ. ಬಿಚ್ಚುವಂತಿಲ್ಲವಲ್ಲ. ಬೆವರಿಗೆ ದಾರ ಜಾರಿ ಮಣಿಕಟ್ಟಿಗೆ ಬಂತು. ಚಾದರದ ಅಂಚು ಕೊಡುವಾಗ ಅದರ ತುದಿಯೂ ಬಟ್ಟೆಯ ಜೊತೆ ಸೇರಿ ರೋಲರಿನ ಸಂದಿಗೆ ಹೋಯಿತು. ನೂಲಾಗಿದ್ದರೆ ಟಕ್ಕೆಂದು ಹರಿದು ಅಲ್ಲಿಗೇ ಮುಗಿಯುತ್ತಿತ್ತು. ಅದು ಹರಿಯಲಿಲ್ಲ. ಉದ್ದಣ್ಣ ಓಡಿಹೋಗಿ ಕೆಂಪು ಗುಂಡಿ ಒತ್ತುವಷ್ಟರಲ್ಲಿ ದಾರದ ಹಿಂದೆ ಕೈಯೂ ಹೋಗಿತ್ತು.

ಎಚ್ಚರವಾದಾಗ ಅವನು ಹೆಂಡತಿಗೆ ಹೇಳಿದ ಮೊದಲ ಮಾತು ಕೈಯದಲ್ಲ. "ಅಂಗಿ ತೋಳು ಸಿಕ್ಕಿಕೊಳ್ತು ಅಂತ ಹೇಳು ಅಕ್ಕಂಗೆ," ಎಂದ. "ದಾರ ಅಂತ ಗೊತ್ತಾದ್ರೆ ಅವಳು ಆ ಉಂಡೆ ಮುಟ್ಟೋಕಾಗಲ್ಲ. ಅವಳ ಅನ್ನ ಅದು." ಲಾಂಡ್ರಿಯವರಿಂದಲೂ ಭಾಷೆ ತೆಗೆದುಕೊಂಡ. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು.

ಮರುವರ್ಷದ ಹಬ್ಬಕ್ಕೆ ಅವನು ಎಡಗೈ ಮುಂದೆ ಮಾಡಿದ. ಬಲಗೈ ನಿವೃತ್ತಿ ತಗೊಂಡಿದೆ, ಇನ್ಮೇಲೆ ಇವನದೇ ಡ್ಯೂಟಿ ಎಂದು ನಕ್ಕ. ಅಕ್ಕನೂ ನಕ್ಕು, ತೆಳ್ಳಗಿನದೊಂದು ದಾರ ಕಟ್ಟಿದಳು. ಮಧ್ಯಾಹ್ನ ಬಕೆಟ್ಟು ಎತ್ತುವಾಗ ಅದು ಹರಿದುಹೋಯಿತು.

*

ಹೊರಗೆ ವ್ಯಾನು ಬಂದು ನಿಂತಿತ್ತು. ಹೊತ್ತಾಯಿತು ಎಂದು ಯಾರೋ ಕೂಗಿದರು. ಅಕ್ಕ ಉಂಡೆ ಹಿಡಿದುಕೊಂಡೇ ಕೂತಿದ್ದಳು.

"ಇವತ್ತು ಗಟ್ಟಿ ದಾರ ನೆನಪಾಯ್ತಾ ನಿಮಗೆ?" ಎಂದಳು ಹೆಂಡತಿ. ಅವಳ ದನಿ ಏರಲಿಲ್ಲ. "ಇಷ್ಟು ವರ್ಷ ಕಟ್ಟಿದ್ರಲ್ಲ, ಒಂದಾದ್ರೂ ಸಂಜೆವರೆಗೆ ಉಳೀತಾ? 'ಒಂದು ಕೈಯವನು ಏನು ಕಾಪಾಡ್ತಾನೆ ಅಂತ ಅಕ್ಕ ಹೆಸರಿಗೆ ಕಟ್ತಾಳೆ ಕಣೇ.' ಇದೇ ಮಾತು ನಿಮ್ಮ ತಮ್ಮಂದು, ಪ್ರತಿ ಹಬ್ಬಕ್ಕೂ. ಹೋದ ವಾರವೂ ಅದೇ ಅಂದ್ರು."

ಸುಮ್ಮನಿರಮ್ಮಾ ಎಂದು ಮಗಳು ಅಮ್ಮನ ಕೈ ಹಿಡಿದಳು. ಆದರೆ ಅವಳಿಗೂ ತಡೆಯಲಾಗಲಿಲ್ಲ. ಹರಿದ ತುಂಡುಗಳನ್ನು ಅಪ್ಪ ಜೇಬಿನಲ್ಲಿಟ್ಟು ತರುತ್ತಿದ್ದರು ಎಂದಳು. ಇರುವ ಒಂದೇ ಕೈಗೆ ತಾನೇ ಗಂಟು ಹಾಕಿಕೊಳ್ಳಲು ಬರುತ್ತದೆಯೇ? ಮಗಳ ಮುಂದೆ ಮಣಿಕಟ್ಟು ಚಾಚಿ ಕೂರುತ್ತಿದ್ದರು. ಅವಳು ಗಂಟು ಹಾಕುವುದು, ಅದು ಮತ್ತೆ ಹರಿಯುವುದು, ಮತ್ತೆ ಗಂಟು. ಕಡೆಗೆ ದಾರ ಗಿಡ್ಡವಾಗಿ ಮಣಿಕಟ್ಟು ಸುತ್ತಿ ಬರದಂತಾಗುತ್ತಿತ್ತು. ಅತ್ತೆ ಬರುವ ದಿನ ಮಾತ್ರ ಎಂಥ ಸೆಕೆಯಿದ್ದರೂ ಎಡತೋಳಿನ ಗುಂಡಿ ಹಾಕಿಸಿಕೊಳ್ಳುತ್ತಿದ್ದರು, ಹರಿದದ್ದು ನೋಡಿ ಅತ್ತೆ ನೊಂದುಕೊಂಡಾಳು ಎಂದು.

ಅಕ್ಕ ಉದ್ದಣ್ಣನ ಕಡೆ ನೋಡಿದಳು. ಉದ್ದಣ್ಣ ನೆಲ ನೋಡಿದ.

"ಹೆಸರಿಗೆ ಅಲ್ಲ ಕಣಮ್ಮಾ," ಎಂದಳು ಅಕ್ಕ. "ನೂಲಲ್ಲಿ ಒಂದೇ ಎಳೆ ಬಿಡಿಸ್ತಿದ್ದೆ. ಮಧ್ಯದಲ್ಲಿ ಉಗುರು ಹಾಕಿ ಕೆರೀತಿದ್ದೆ. ಎಲ್ಲಿ ತಗುಲಿದ್ರೂ ಹರೀಬೇಕು ಅಂತ."

"ಯಾಕೆ?"

"ಅವತ್ತು ಹರಿದಿದ್ರೆ ಕೈ ಉಳೀತಿತ್ತಲ್ಲ."

*

ಆಸ್ಪತ್ರೆಯ ಓಣಿಯಲ್ಲಿ, ಇಪ್ಪತ್ತು ವರ್ಷದ ಹಿಂದೆ, ಉದ್ದಣ್ಣ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಒಳಗೆ ಆಪರೇಷನ್ ನಡೆಯುತ್ತಿತ್ತು. ಹೇಗಾಯಿತಪ್ಪಾ ಎಂದು ಅಕ್ಕ ಕೇಳಿದಳು. ಗಾಬರಿಯಲ್ಲಿದ್ದವನು ಕಂಡದ್ದನ್ನು ಕಂಡಂತೆ ಹೇಳಿಬಿಟ್ಟ. ಅದೇನು ದಾರ ಕಟ್ಟಿದ್ಯಮ್ಮಾ, ಹರೀಲೇ ಇಲ್ಲವಲ್ಲ ಎಂದೂ ಅಂದ. ಮಾರನೆಯ ದಿನ ತಮ್ಮ ಅವನಿಂದಲೂ ಭಾಷೆ ತೆಗೆದುಕೊಂಡಾಗ, ನಿನ್ನೆಯೇ ಹೇಳಿಯಾಯಿತು ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ.

ಅಕ್ಕ ಮಂಚದ ಪಕ್ಕ ಕೂತು, ಅಂಗಿ ತೋಳು ಸಿಕ್ಕಿಕೊಂಡ ಕತೆಯನ್ನು ತಮ್ಮನ ಬಾಯಿಂದ ಕೇಳಿದಳು. ಹೌದಾ ಎಂದಳು. ನನಗೆ ಗೊತ್ತು ಎಂದರೆ, ತನ್ನ ಸಲುವಾಗಿ ಅಷ್ಟು ನೋವಿನಲ್ಲೂ ಅವನು ಹೆಣೆದ ಸುಳ್ಳು ಬಿದ್ದುಹೋಗುತ್ತದಲ್ಲ ಎನಿಸಿತು ಅವಳಿಗೆ. ಇನ್ನು ಮುಂದೆ ಮುಟ್ಟಿದರೆ ಹರಿಯುವಂಥದ್ದನ್ನೇ ಕಟ್ಟಿದರಾಯಿತು, ಅವನಿಗೆ ತಿಳಿಯುವುದೇನು ಎಂದುಕೊಂಡಳು. ಮರುದಿನ ಅಂಗಡಿಗೆ ಹೋಗಿ ಅದೇ ಉಂಡೆ ಹಿಡಿದು ಹೊಲಿಯಲು ಕೂತಳು. ಹೊಟ್ಟೆ ಕೇಳಬೇಕಲ್ಲ.

*

ಬೈಯುವುದಾದರೂ ಯಾರನ್ನು? ಒಂದು ಮಾತು, ಒಂದೇ ಒಂದು ಮಾತು ಯಾರಾದರೂ ಆಡಿದ್ದರೆ ಸಾಕಿತ್ತು. ಹೋದ ವಾರ ಬಸ್‌ಸ್ಟಾಪಿನಲ್ಲಿ ಹರಿದ ಎಳೆಯನ್ನು ಅಂಗೈಲಿಟ್ಟು ನೋಡುತ್ತ ನಿಂತಿದ್ದ ಮನುಷ್ಯನಿಗೆ ಈಗ ಹೇಳುವುದು ಹೇಗೆ? ಅವನು ಕಿವಿಗೆ ಹತ್ತಿ ಇಟ್ಟುಕೊಂಡು, ಗೆರೆ ತಿದ್ದಿದ ತೋಳಿನಲ್ಲಿ ನೆಟ್ಟಗೆ ಮಲಗಿದ್ದ.

ಹೆಂಡತಿ ಬಂದು ಅಕ್ಕನ ಪಕ್ಕದಲ್ಲಿ ಕುಸಿದು ಕೂತಳು. ತಾನು ಇಷ್ಟು ವರ್ಷ ಬಿಸಿತುಪ್ಪದಂತೆ ಬಾಯಲ್ಲಿಟ್ಟುಕೊಂಡಿದ್ದ ಗುಟ್ಟು ಗುಟ್ಟೇ ಆಗಿರಲಿಲ್ಲ ಎಂಬುದು ಅವಳಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಗಂಡನ ಎಡತೋಳಿನ ಗುಂಡಿ ತಾನೇ ಬಿಚ್ಚಿ, ತೋಳನ್ನು ಮೇಲೆ ಸರಿಸಿದಳು.

"ಕಟ್ಟಿ ಅಕ್ಕಾ. ಗಟ್ಟಿಯಾಗಿ ಕಟ್ಟಿ."

ಅಕ್ಕ ಮೂರೆಳೆ ಹೆಣೆದಳು. ಅದು ಅವಳ ದಿನದ ಕೆಲಸ. ಮಣಿಕಟ್ಟಿಗೆ ಸುತ್ತಿ, ಚೀಲದ ಹಿಡಿಗೆ ಹಾಕುವ ಗಂಟು ಹಾಕಿ, ಮೇಲೊಂದು ಹಾಕಿ, ತುದಿಯನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ಬೆರಳಿನಿಂದ ಜಗ್ಗಿ ನೋಡಿದಳು.

"ಇನ್ನು ಅವನು ಯಾವ ಮಿಷನ್ ಹತ್ರಾನೂ ಹೋಗಲ್ಲ," ಎಂದಳು. ಅಲ್ಲಿಂದಾಚೆ ಅವಳನ್ನು ಹಿಡಿಯಲು ಇಬ್ಬರು ಬೇಕಾಯಿತು.

*

ಹೆಣ ಸುಡುವ ಕಟ್ಟಡ ಹೊರಗಿನಿಂದ ಗೋದಾಮಿನಂತಿತ್ತು. ಒಳಗೆ ಬಿಳಿ ಟೈಲ್ಸಿನ ಗೋಡೆ, ಗೋಡೆಯ ನಡುವೆ ಕಬ್ಬಿಣದ ಬಾಗಿಲು, ಬಾಗಿಲಿನವರೆಗೂ ಸಾಲಾಗಿ ಉರುಳೆಗಳು. ಹೆಣವಿಟ್ಟ ತಟ್ಟೆಯನ್ನು ಅವುಗಳ ಮೇಲೆ ಇಟ್ಟು ತಳ್ಳಿದರೆ ತಾನಾಗಿ ಒಳಗೆ ಹೋಗುತ್ತದೆ. ಉದ್ದಣ್ಣ ಆ ಉರುಳೆಗಳನ್ನು ನೋಡಿ ಮುಖ ತಿರುಗಿಸಿ ನಿಂತ.

ಭಟ್ಟಿ ನೋಡಿಕೊಳ್ಳುವವನು ಗವಸು ಹಾಕಿಕೊಂಡು ಬಂದು ಹೆಣವನ್ನು ಮೇಲಿಂದ ಕೆಳಗೆ ತಡಕಿದ. ಬಲತೋಳಿನ ಪಿನ್ನು ತೆಗೆದು ಮಗಳ ಕೈಗೆ ಕೊಟ್ಟ. ಮಡಿಕೆ ಬಿಚ್ಚಿಕೊಂಡು ತೋಳು ತಟ್ಟೆಯ ಅಂಚಿಗೆ ಇಳಿಬಿತ್ತು. ಆಮೇಲೆ ಎಡಗೈ ಎತ್ತಿ ನೋಡಿದ.

"ಇದು ನೈಲಾನಲ್ವೇನಮ್ಮಾ? ಒಳಗೆ ಬಿಡೋ ಹಾಗಿಲ್ಲ. ಕರಗಿ ಅಂಟ್ಕೊಳ್ಳುತ್ತೆ. ನೂಲಾಗಿದ್ರೆ ಪರವಾಗಿರಲಿಲ್ಲ."

ಇದೊಂದು ಇರಲಿ ಬಿಡಪ್ಪಾ ಎಂದು ಹೆಂಡತಿ ಕೈಮುಗಿದಳು. ತನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದ ಅವನು, ಒರಟಾಗಿಯೇನೂ ಅಲ್ಲ. ಗಂಟಿಗೆ ಉಗುರು ಹಾಕಿ ನೋಡಿದ. ಅದು ಬಿಚ್ಚಿಕೊಳ್ಳುವ ಗಂಟಲ್ಲ. ಕತ್ತರಿಗಾಗಿ ಕಿಟಕಿಯ ಮೇಲೆ, ಮೇಜಿನ ಮೇಲೆ ಹುಡುಕಿದ, ಎಲ್ಲಿಟ್ಟಿದ್ದನೋ, ಸಿಗಲಿಲ್ಲ. ಹೊರಗೆ ಮುಂದಿನ ಹೆಣದವರ ವ್ಯಾನು ಹಾರ್ನು ಮಾಡುತ್ತಿತ್ತು. ಅವನು ದಾರದ ಕೆಳಗೆ ಬೆರಳು ತೂರಿಸಿದ.

"ಎಳೀಬೇಡಪ್ಪಾ," ಎಂದಳು ಅಕ್ಕ.

ಇಂಥ ಮಾತು ದಿನಾ ಕೇಳಿದವನು ಅವನು. ಒಂದು ಕಾಲನ್ನು ಉರುಳೆಗಳ ಚೌಕಟ್ಟಿಗೆ ಕೊಟ್ಟು, ಭಟ್ಟಿಯ ಬಾಗಿಲ ಕಡೆಗೆ ವಾಲಿ ಜಗ್ಗಿದ. ದಾರ ಹರಿಯಲಿಲ್ಲ. ಇನ್ನೊಮ್ಮೆ ಬಲವಾಗಿ ಜಗ್ಗಿದ. ತಮ್ಮನ ಕೈ ಎದೆಯಿಂದ ಮೇಲೆದ್ದು, ಐದೂ ಬೆರಳು ಮುಂದೆ ಮಾಡಿಕೊಂಡು, ದಾರದ ಹಿಂದೆಯೇ ಹೊರಟಿತು.