ಅತಿಥಿಯ ಸಹಿ

ಕಾಲೇಜಿನವರು ಹೊಸ ಪಾಠವೊಂದನ್ನು ತಂದಿದ್ದರು, 'ನಾನಾ ಧರ್ಮ, ನಾನಾ ಬದುಕು' ಅಂತ. ಒಬ್ಬರು ಇನ್ನೊಬ್ಬರ ಮನೆಗೆ ಹೋಗಬೇಕು, ಅವರ ದೇವರನ್ನು ಕಾಣಬೇಕು, ಒಂದು ಹೊತ್ತು ಉಣ್ಣಬೇಕು. ಉಂಡವರು ಮನೆಯವರ ಫಾರಂನಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಮನೆಗೆ ಕರೆದವರ ಪೇಪರ್ ಫೇಲು. ಒಳ್ಳೆಯ ಯೋಚನೆಯೇ, ಯಾರು ಬೇಡ ಅಂದರು? ಹುಡುಗರು ವಿರಾಜಪೇಟೆಯ ಮಸೀದಿ ಬೀದಿಯಲ್ಲಿ ಬಿರಿಯಾನಿ ಉಂಡು, ಚರ್ಚಿನ ಪಕ್ಕದ ಮನೆಯಲ್ಲಿ ಕೇಕು ತಿಂದು, ಫೋಟೋ ಹಾಕಿಕೊಂಡು ಮೆರೆದರು. ಯಾರೂ ಕಾಲಿಡದೆ ಉಳಿದದ್ದು ಮೂರ್ನಾಡಿನಾಚೆಯ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಸಾಲುಮನೆಗಳ ಲೈನಿನಲ್ಲಿದ್ದ ಪ್ರಿಯಾಳ ಮನೆ ಒಂದೇ.

ಆ ಲೈನಿನಲ್ಲಿ ಡಿಗ್ರಿಯ ಕೊನೆಯ ವರ್ಷ ಕಂಡವಳು ಅವಳೊಬ್ಬಳೇ. ಎರಡು ಸಲ ದಿನ ಗೊತ್ತುಮಾಡಿದರೂ ಯಾರೂ ಬಂದಿರಲಿಲ್ಲ. ಈ ಭಾನುವಾರ ಖಂಡಿತ ಬರುತ್ತೇವೆ ಅಂತ ಸಹಪಾಠಿಗಳಾದ ದಿಗಂತ್, ಕವನಾ ಮಾತು ಕೊಟ್ಟಿದ್ದರು. ಫಾರಂ ಕೊಡಲು ನಾಳೆಯೇ ಕೊನೆಯ ದಿನ. ತಾಯಿ ಲಿಂಗಿ ಬೆಳಗಿನಿಂದ ಕೂತಿರಲಿಲ್ಲ. ಮರದ ಬುಡದ ದೇವರ ಕಲ್ಲನ್ನು ತೊಳೆದು ದೀಪವಿಟ್ಟಳು. ಏಡಿ ಸಾರು, ಎಳೆ ಬಿದಿರಿನ ಕಣಿಲೆ ಪಲ್ಯ ಮಾಡಿ ಎರಡು ಬಾಳೆಲೆ ಹಾಸಿದಳು.

ಒಂದು ಗಂಟೆಗೆ ದಿಗಂತನ ಮೆಸೇಜು ಬಂತು: ಎಸ್ಟೇಟ್ ರಸ್ತೆಯಲ್ಲಿ ಆನೆ ನಿಂತಿದೆ, ಬರಲಾಗುವುದಿಲ್ಲ. ಅಯ್ಯೋ ಪುಣ್ಯಾತ್ಮ, ಸುಳ್ಳು ಹೇಳುವುದಕ್ಕೂ ಮನೆ ನೋಡಿ ಹೇಳಬೇಡವೇ! ಪ್ರಿಯಾಳ ಅಪ್ಪ ಬೆಳ್ಳಿಯಪ್ಪನ ಕೆಲಸವೇ ಎಸ್ಟೇಟಿಗೆ ಆನೆ ನುಗ್ಗದಂತೆ ಕಾಯುವುದು. ಬೆಳಗಿನಿಂದ ಅದೇ ರಸ್ತೆಯಲ್ಲಿದ್ದ. ಪ್ರಿಯಾ ಅವನಿಗೆ ಫೋನು ಮಾಡಿದಳು. ಆನೆಗಳು ನಿನ್ನೆಯೇ ಹೊಳೆ ದಾಟಿವೆ, ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ ಅಂದ.

ಪ್ರಿಯಾಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಭಯ ಬಂತು. ಫೇಲಾದರೆ ಬಿ.ಎಡ್. ಸೀಟು ಹೋಯಿತು, ಆಮೇಲೆ ತಾಯಿಯ ಹಾಗೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗೇ ಗತಿ. ಅಲ್ಲಿಯವರೆಗಾದರೂ ಬಂದಿರಬಹುದು ಅಂತ ಫಾರಂ ಹಿಡಿದುಕೊಂಡು ಎಸ್ಟೇಟ್ ಗೇಟಿನವರೆಗೂ ಓಡಿದಳು.

ಗೇಟಿನೆದುರಿನ ಚಾದಂಗಡಿಯಲ್ಲಿ ಇಬ್ಬರೂ ಪರೋಟ ತಿನ್ನುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಹಾಗೆ. ಇವಳನ್ನು ಕಂಡು ದಿಗಂತನ ಮುಖ ಹುಳ್ಳಗಾಯಿತು. ಒಂದು ಲೋಟ ನೀರಾದರೂ ಕುಡಿದು ಹೋಗಿ, ಅಮ್ಮ ಎಲೆ ಹಾಸಿ ಕಾಯುತ್ತಿದ್ದಾಳೆ ಅಂತ ಪ್ರಿಯಾ ಅಂಗಲಾಚಿದಳು. ಲೈನಿನಲ್ಲಿ ಉಂಡದ್ದು ಮನೆಯಲ್ಲಿ ಗೊತ್ತಾದರೆ ಬೈಯುತ್ತಾರೆ ಅಂತ ಕವನಾ ತಲೆ ತಗ್ಗಿಸಿದಳು.

"ಫಾರಂ ಕೊಡು ಮಾರಾಯ್ತಿ," ಅಂದ ದಿಗಂತ್. "ಉಂಡಿದ್ದೇವೆ ಅಂತ ಬರೆದು ಸೈನ್ ಹಾಕ್ತೇವೆ. ನಿಂಗೆ ಮಾರ್ಕ್ಸ್ ಸಿಕ್ಕಿದ್ರೆ ಆಯ್ತಲ್ಲ? ಸಾರು ಎಂಥದ್ದು, ಹೇಳು."

ಹರಿದು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆದರೆ ನಾಳೆ? ಪ್ರಿಯಾ ಒಂದೊಂದಾಗಿ ಹೇಳಿದಳು. ದೇವರು ಯಾವುದು ಅಂತಲೂ ಕೇಳಿದ, ಅದನ್ನೂ ಹೇಳಿದಳು. 'ಮೇಲಿನದೆಲ್ಲ ನಿಜ' ಎಂಬ ಸಾಲಿನ ಕೆಳಗೆ ಮನೆಯವರೂ ಸಹಿ ಹಾಕಬೇಕಿತ್ತು. ಹಾಕಿದಳು.

ಲಿಂಗಿಗೆ ಓದು ಬಾರದು. ಒಬ್ಬಳೇ ಮರಳಿ ಬಂದ ಮಗಳನ್ನು ನೋಡಿ, ಕೈಯಲ್ಲಿರುವ ಕಾಗದದಲ್ಲಿ ಏನಿದೆ ಓದು ಅಂದಳು. ಮುಚ್ಚಿಡುವ ತ್ರಾಣ ಪ್ರಿಯಾಳಿಗೆ ಉಳಿದಿರಲಿಲ್ಲ. ಪ್ರೀತಿಯಿಂದ ಬರಮಾಡಿಕೊಂಡರು, ತಾಯಿ ಕೈಯಾರೆ ಬಡಿಸಿದರು, ಏಡಿ ಸಾರು ಬಹಳ ರುಚಿಯಾಗಿತ್ತು ಅಂತ ಬರೆದದ್ದನ್ನು ಅಳುತ್ತಲೇ ಓದಿದಳು. ಬಾಡಿದ ಎಲೆಗಳ ಮುಂದೆ ಕೂತು ಲಿಂಗಿ ಕೊನೆಯವರೆಗೂ ಕೇಳಿಸಿಕೊಂಡಳು.

"ಅದು ಯಾರ ಮನೆ ಮಗಾ?" ಅಂತ ಕೇಳಿದಳು.